ಮೆಹಂದಿಯಿಂದ ಹೇರ್ ಡೈಗೆ ಬದಲಾಗುವ ಮುನ್ನ ಮಾಡಬೇಕಾದ ಎರಡು ಪರೀಕ್ಷೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಲ್ಲಿ ಬಿಳಿಗೂದಲು ಕಂಡಾಗ ಮೊದಲು ನೆನಪಾಗುವುದು ಮೆಹಂದಿಯೇ. ರಾತ್ರಿ ಕಬ್ಬಿಣದ ಕಡಾಯಿಯಲ್ಲಿ ಚಹಾದ ಡಿಕಾಕ್ಷನ್ ಮತ್ತು ನೆಲ್ಲಿಕಾಯಿ ಪುಡಿ ಸೇರಿಸಿ ಕಲಸಿಟ್ಟು, ಬೆಳಿಗ್ಗೆ ತಲೆಗೆ ಹಚ್ಚಿಕೊಂಡು ಎರಡು ಮೂರು ತಾಸು ಕೂಡುವುದು ಇಲ್ಲಿ ಹಳೆಯ ರೂಢಿ. ವರ್ಷಗಟ್ಟಲೆ ಹೀಗೆ ಮಾಡಿದವರಿಗೆ ಒಂದು ಹಂತದಲ್ಲಿ ಕೆಂಪು ಬಣ್ಣ ಬೇಡವೆನಿಸುತ್ತದೆ, ಅಥವಾ ಅಷ್ಟು ಹೊತ್ತು ಕೂಡುವ ವ್ಯವಧಾನ ಉಳಿಯುವುದಿಲ್ಲ. ಆಗ ಅಂಗಡಿಯಿಂದ ಡೈ ತಂದು ಅದೇ ದಿನ ಹಚ್ಚಿಕೊಳ್ಳುವುದುಂಟು. ಆ ಅವಸರ ಬೇಡ ಎಂದು ಕೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಇದುವರೆಗೆ ನೀವು ಹಚ್ಚಿದ್ದು ನಿಜವಾಗಿ ಏನು ಎಂಬುದು. ಮೆಹಂದಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಅದು ಕೂದಲಿನ ಕೆರಾಟಿನ್ ಪ್ರೋಟೀನಿಗೆ ಅಂಟಿಕೊಂಡು ಕಿತ್ತಳೆಗೆಂಪು ಬಣ್ಣವನ್ನಷ್ಟೇ ಕೊಡುತ್ತದೆ. ಬರೀ ಎಲೆಯ ಪುಡಿಯಿಂದ ಕೂದಲು ಕಪ್ಪಾಗುವುದಿಲ್ಲ. ಆದ್ದರಿಂದ ‘ಕಾಲಿ ಮೆಹಂದಿ’, ಅಂದರೆ ಕಪ್ಪು ಮೆಹಂದಿ ಎಂದು ಮಾರುವ ಪೊಟ್ಟಣದಲ್ಲಿ ಬೇರೆ ಏನೋ ಇದ್ದೇ ಇರುತ್ತದೆ: ಒಂದೋ ನೀಲಿ ಗಿಡದ ಎಲೆಯ ಪುಡಿ, ಅಂದರೆ ಇಂಡಿಗೊ, ಇಲ್ಲವೇ ಡೈಗಳಲ್ಲಿರುವ ಪ್ಯಾರಾಫಿನೈಲಿನ್ ಡೈಅಮೀನ್, ಅಂದರೆ ಪಿಪಿಡಿ, ಕೆಲವು ಮಿಶ್ರಣಗಳಲ್ಲಿ ಸೀಸ, ಬೆಳ್ಳಿ ಅಥವಾ ತಾಮ್ರದ ಲವಣಗಳೂ ಇರಬಹುದು. ಬೀದರಿನಲ್ಲಿರುವ ನನ್ನ ಅಕ್ಕ ಬಹಳ ವರ್ಷ ಇಂಥದೊಂದು ಪೊಟ್ಟಣವನ್ನು ಎಲೆಯ ಪುಡಿಯೆಂದೇ ನಂಬಿ ಬಳಸಿದ್ದಳು. ಪ್ರತಿಸಲ ಕಿವಿಯ ಹಿಂದೆ ತುರಿಕೆಯಾದಾಗ ಬಿಸಿಲಿನಿಂದ ಎಂದುಕೊಳ್ಳುತ್ತಿದ್ದಳು. ಹಿಂಬದಿಯ ಸಣ್ಣ ಅಕ್ಷರ ಓದಿ ಪಿಪಿಡಿ ಇರುವುದನ್ನು ತೋರಿಸಿದ ಮೇಲೆಯೇ ಅವಳು ಅದನ್ನು ನಿಲ್ಲಿಸಿದಳು. ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ದಯವಿಟ್ಟು ಎಸೆಯಬೇಡಿ, ಅದರ ಮೇಲಿನ ಘಟಕಗಳ ಪಟ್ಟಿಯನ್ನು ಓದಿ.

ಇದು ಏಕೆ ಮುಖ್ಯವೆಂದರೆ, ಕಾಯಂ ಡೈ ಕೆಲಸ ಮಾಡುವುದು ಹೈಡ್ರೋಜನ್ ಪೆರಾಕ್ಸೈಡಿನಿಂದ. ಡಬ್ಬಿಯಲ್ಲಿ ಡೆವಲಪರ್ ಎಂಬ ಹೆಸರಿನಲ್ಲಿ ಬರುವುದು ಅದೇ. ಶುದ್ಧ ಮೆಹಂದಿಯ ಮೇಲೆ ಪೆರಾಕ್ಸೈಡ್ ಬಿದ್ದರೆ ಅಪಾಯವೇನೂ ಇಲ್ಲ. ಆದರೆ ಲೋಹದ ಲವಣ ಕುಳಿತಿರುವ ಕೂದಲಿನ ಮೇಲೆ ಬಿದ್ದರೆ ಪೆರಾಕ್ಸೈಡ್ ಒಮ್ಮೆಲೇ ಒಡೆದು ಕೂದಲು ಬಿಸಿಯಾಗುತ್ತದೆ, ನೊರೆ ಬರುತ್ತದೆ, ಬಣ್ಣ ವಿಚಿತ್ರವಾಗಿ ತಿರುಗುತ್ತದೆ, ಕೆಲವೊಮ್ಮೆ ಎಳೆಗಳು ಕೈಯಲ್ಲೇ ತುಂಡಾಗಿ ಬರುತ್ತವೆ. ಕಬ್ಬಿಣದ ಕಡಾಯಿಯಲ್ಲಿ ಕಲಸುವ ನಮ್ಮ ರೂಢಿಯನ್ನೂ ಇಲ್ಲಿ ಮರೆಯುವಂತಿಲ್ಲ, ಏಕೆಂದರೆ ಹುಳಿ ಮತ್ತು ಚಹಾದ ಒಗರಿನಿಂದ ಪಾತ್ರೆಯ ಕಬ್ಬಿಣ ಸ್ವಲ್ಪ ಕರಗಿ ಮಿಶ್ರಣಕ್ಕೆ ಸೇರುತ್ತದೆ, ಮತ್ತು ಕಬ್ಬಿಣವೂ ಪೆರಾಕ್ಸೈಡನ್ನು ಬೇಗ ಒಡೆಯುವ ಲೋಹವೇ. ಆದಕಾರಣ ನಾನು ಶುದ್ಧ ಪುಡಿಯನ್ನೇ ಬಳಸಿದ್ದೇನೆ ಎನ್ನುವವರೂ ಮುಂದಿನ ಪರೀಕ್ಷೆಯನ್ನು ಬಿಡಬಾರದು.

ಮೊದಲನೆಯದು ಕೂದಲಿನ ಪರೀಕ್ಷೆ. ಬಾಚಣಿಕೆಗೆ ಬಂದ ಕೂದಲನ್ನು ಕೆಲವು ದಿನ ಕೂಡಿಡಿ, ಅಥವಾ ಕತ್ತಿನ ಹಿಂಭಾಗದಿಂದ ಕಾಣದಂತೆ ಇಪ್ಪತ್ತು ಎಳೆಗಳನ್ನು ಕತ್ತರಿಸಿಕೊಳ್ಳಿ. ಮೆಹಂದಿ ಪದರ ಪದರವಾಗಿ ಕೂಡಿರುವುದು ತುದಿಯಲ್ಲಿ, ಆದ್ದರಿಂದ ತುದಿಯ ಭಾಗ ಇರಲೇಬೇಕು. ಎಳೆಗಳನ್ನು ದಾರದಿಂದ ಕಟ್ಟಿ, ಬಳಸಬೇಕೆಂದಿರುವ ಡೈಯನ್ನೇ ಡೆವಲಪರ್ ಜೊತೆ ಹೇಳಿದ ಅಳತೆಯಲ್ಲಿ ಗಾಜಿನ ಬಟ್ಟಲಿನಲ್ಲಿ ಸ್ವಲ್ಪವೇ ಕಲಸಿ, ಅದರಲ್ಲಿ ಮುಳುಗಿಸಿ ಮುಕ್ಕಾಲು ತಾಸು ಬಿಡಿ. ಬಟ್ಟಲಿನ ತಳ ಬಿಸಿಯಾದರೆ, ಗುಳ್ಳೆಗಳೆದ್ದರೆ, ಸುಟ್ಟಂಥ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಏನೂ ಆಗದಿದ್ದರೆ ತೊಳೆದು ಒಣಗಿಸಿ, ಹಗಲಿನ ಬೆಳಕಿನಲ್ಲಿ ಬಣ್ಣ ನೋಡಿ, ಒಂದೆರಡು ಎಳೆಗಳನ್ನು ಮೆಲ್ಲಗೆ ಎಳೆಯಿರಿ. ರಬ್ಬರಿನಂತೆ ಹಿಗ್ಗಿ ಹಾಗೆಯೇ ಉಳಿದರೆ ಅಥವಾ ಪಟ್ಟನೆ ತುಂಡಾದರೆ ಆ ಕೂದಲು ಡೈಗೆ ಸಿದ್ಧವಾಗಿಲ್ಲ. ಒಮ್ಮೆ ಕಲಸಿದ ಡೈಯನ್ನು ಮುಚ್ಚಿದ ಶೀಶೆಯಲ್ಲಿ ಎತ್ತಿಡಬೇಡಿ. ಒಳಗೆ ಅನಿಲ ತುಂಬಿ ಶೀಶೆ ಸಿಡಿಯಬಹುದು.

ಪರೀಕ್ಷೆಯಲ್ಲಿ ಸೋತ ಕೂದಲಿಗೆ ಯಾವ ಪಾರ್ಲರಿನಲ್ಲೂ ಸುಲಭದ ಪರಿಹಾರವಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಹೊಸ ಕೂದಲು ಬರುವವರೆಗೆ ಕಾಯುತ್ತ, ಹಳೆಯ ತುದಿಯನ್ನು ಆಗಾಗ ಕತ್ತರಿಸುತ್ತ ಹೋಗುವುದೇ ದಾರಿ. ಗಂಡಸರ ಗಿಡ್ಡ ಕೂದಲಿಗೆ ಇದು ಕೆಲವೇ ತಿಂಗಳ ಮಾತು, ಉದ್ದ ಜಡೆಯವರಿಗೆ ವರ್ಷಗಳೇ ಬೇಕು.

ಎರಡನೆಯದು ಚರ್ಮದ ಪರೀಕ್ಷೆ, ಮತ್ತು ನನ್ನ ಮಟ್ಟಿಗೆ ಇದು ಮೊದಲಿನದಕ್ಕಿಂತ ದೊಡ್ಡದು, ಏಕೆಂದರೆ ಕೂದಲು ಮತ್ತೆ ಬೆಳೆಯುತ್ತದೆ, ಆದರೆ ಪಿಪಿಡಿ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಕಲಸಿದ ಡೈಯನ್ನು ಕಾಳಿನಷ್ಟು ಹಚ್ಚಿ ಒಣಗಲು ಬಿಡಿ. ನಮ್ಮ ದೇಶದ ನಿಯಮದಂತೆ ಇಂಥ ಡೈಯ ಪೊಟ್ಟಣದಲ್ಲಿ ಎಚ್ಚರಿಕೆ ಮತ್ತು 24 ತಾಸಿನ ಪರೀಕ್ಷೆಯ ವಿಧಾನವನ್ನು ಮುದ್ರಿಸಬೇಕು. ಆದರೂ 48 ತಾಸು ಕಾಯುವುದೇ ಮೇಲು, ಏಕೆಂದರೆ ಈ ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವ ಬಗೆಯದು. ಮದುವೆಯಲ್ಲೋ ಹಬ್ಬದಲ್ಲೋ ಕೈಗೆ ಕಪ್ಪು ಮೆಹಂದಿ ಕೋನ್ ಹಾಕಿಸಿಕೊಂಡು ಚರ್ಮ ಉಬ್ಬಿದ್ದವರು ಅಥವಾ ನನ್ನ ಅಕ್ಕನಂತೆ ತುರಿಕೆ ಅನುಭವಿಸಿದವರು ಮನೆಯಲ್ಲಿ ಈ ಪರೀಕ್ಷೆಯನ್ನೂ ಮಾಡಬಾರದು. ನೇರವಾಗಿ ಚರ್ಮರೋಗ ವೈದ್ಯರನ್ನು ಕಾಣಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಮತ್ತು ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಅಲ್ಲಿ ವಿಚಾರಿಸಬಹುದು. ಅಮೋನಿಯಾ ಇಲ್ಲ ಎಂದು ಬರೆದಿದ್ದರೆ ಪಿಪಿಡಿಯೂ ಇಲ್ಲ ಎಂದರ್ಥವಲ್ಲ.

ಎರಡೂ ಪರೀಕ್ಷೆ ಸರಿಯಾಗಿ ಬಂದ ಮೇಲೆ, ಕೊನೆಯ ಮೆಹಂದಿ ಹಚ್ಚಿ ಮೂರು ನಾಲ್ಕು ವಾರವಾದರೂ ಕಳೆದಿರಲಿ. ಈ ನಡುವೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ತಲೆ ತೊಳೆದರೆ ಮೇಲಿನ ಬಣ್ಣ ಒಂದಿಷ್ಟು ಮಾಸಬಹುದು, ಪೂರ್ತಿ ಹೋಗುವುದಿಲ್ಲ. ಬಣ್ಣದ ಆಯ್ಕೆಯಲ್ಲಿ ಈಗಿರುವುದಕ್ಕಿಂತ ಗಾಢವಾದುದನ್ನೇ ತೆಗೆದುಕೊಳ್ಳಿ; ಡಬ್ಬಿಯ ಮೇಲಿನ ಬಣ್ಣದ ಸಂಖ್ಯೆ ಸಾಮಾನ್ಯವಾಗಿ 3 ಎಂದರೆ ಗಾಢ ಕಂದು, 4 ಎಂದರೆ ಕಂದು. ಮೆಹಂದಿ ಕುಳಿತ ಕೂದಲನ್ನು ತಿಳಿ ಮಾಡಲು ಹೋದರೆ ಹಟಮಾರಿ ಕಿತ್ತಳೆ ಬಣ್ಣ ಉಳಿಯುತ್ತದೆ, ಇಂಡಿಗೊ ಸೇರಿದ್ದರೆ ಹಸಿರಾಗುತ್ತದೆ. ಗಾಢ ಬಣ್ಣಕ್ಕೆ 6 ಶೇಕಡದ, ಅಂದರೆ 20 ವಾಲ್ಯೂಮಿನ ಡೆವಲಪರ್ ಸಾಕು. ಅದಕ್ಕಿಂತ ತೀಕ್ಷ್ಣವಾದುದು ಬೇಡ.

ಹಚ್ಚುವ ದಿನ ತಲೆ ತೊಳೆಯಬೇಡಿ, ನೆತ್ತಿಯ ಸಹಜ ಜಿಡ್ಡು ಚರ್ಮಕ್ಕೆ ಒಂದಿಷ್ಟು ರಕ್ಷಣೆ. ಹಣೆ ಮತ್ತು ಕಿವಿಯ ಅಂಚಿಗೆ ವ್ಯಾಸಲೀನ್ ಸವರಿ, ಕೈಗವಸು ಹಾಕಿ, ಗಾಜು ಅಥವಾ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿ. ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತಿನಲ್ಲೇ ಮುಗಿಸಿ, ಏಕೆಂದರೆ ನಮ್ಮ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಬೆವರಿನೊಡನೆ ಡೈ ಕಣ್ಣಿಗೆ ಇಳಿಯುತ್ತದೆ. ಹಾಗೇನಾದರೂ ಆದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಬುಡದ ಹೊಸ ಬಿಳಿಗೂದಲಿಗೆ ಮೊದಲು ಹಚ್ಚಿ, ಕೊನೆಯ ಐದು ನಿಮಿಷವಷ್ಟೇ ಉದ್ದಕ್ಕೆ ಎಳೆಯಿರಿ, ಇಲ್ಲವಾದರೆ ಮೊದಲೇ ಬಣ್ಣ ತುಂಬಿದ ತುದಿಗಳು ಕರ್ರಗೆ ಕಂದಿಹೋಗುತ್ತವೆ. ಪೊಟ್ಟಣದಲ್ಲಿ ಹೇಳಿದ ಸಮಯಕ್ಕಿಂತ ಒಂದು ನಿಮಿಷವೂ ಹೆಚ್ಚು ಬಿಡಬೇಡಿ. ಹುಬ್ಬು, ರೆಪ್ಪೆಗಳಿಗೆ ಎಂದಿಗೂ ಹಚ್ಚಬೇಡಿ, ಕಣ್ಣು ಹೋಗುವ ಅಪಾಯವಿದೆ.

ತೊಳೆದ ನಂತರದ ಎರಡು ಮೂರು ದಿನ ನೆತ್ತಿಯ ಮೇಲೆ ಗಮನವಿರಲಿ. ತುರಿಕೆ, ನೀರುಗುಳ್ಳೆ ಅಥವಾ ರೆಪ್ಪೆಗಳ ಬಾವು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಮುಖ, ತುಟಿ ಊದಿ ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಏನೂ ಆಗದಿದ್ದವರು ಮುಂದಿನ ಸಲ ಬುಡಕ್ಕೆ ಮಾತ್ರ ಹಚ್ಚಲಿ, ಆಗಲೂ ಎರಡು ದಿನ ಮೊದಲು ಕಿವಿಯ ಹಿಂದೆ ಆ ಕಾಳಿನಷ್ಟು ಡೈಯನ್ನು ಹಚ್ಚಿ ನೋಡಲಿ.