ಜಿಪ್ಸಿ ವಾಟರ್ ಪಂಪ್: ಮೂರನೇ ಸಲಕ್ಕೆ ಕೈ ಹಿಡಿದ ಕೆಲಸ

ವಾಟರ್ ಪಂಪ್ ಬದಲಿಸೋಕೆ ಅಂತ ಮನೆಯಲ್ಲಿ ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗೂ ವಾಲ್ವ್‌ಗೂ ತಾಳ ಹೊಂದಿಸುವ ಹಲ್ಲಿನ ಬೆಲ್ಟ್) ಬಿಚ್ಚಬೇಡ, ಗಾಡಿ ಮತ್ತೆ ಸರಿಯಾಗಿ ಓಡಲ್ಲ ಅಂತ ಸಕಲೇಶಪುರದಲ್ಲಿ ನಾಲ್ಕೈದು ಜನ ಹೇಳಿದ್ದರು. ಆದರೂ ನಾನೇ ಬಿಚ್ಚಿ ಪಂಪ್ ಬದಲಿಸಿದೆ. ಅದಾದ ಮೇಲೆ ಗಾಡಿ 20 ಸಾವಿರ ಕಿಲೋಮೀಟರ್ ಓಡಿದೆ. ಪಂಪ್‌ನಿಂದ ಒಂದು ಹನಿ ಸೋರಿಲ್ಲ.

ನನ್ನದು ಕಾರ್ಬ್ಯುರೇಟರ್ ಇರುವ 8 ವಾಲ್ವ್ ಮಾರುತಿ ಜಿಪ್ಸಿ ಕಿಂಗ್. ಎಂಜಿನ್ ತಣ್ಣಗಿಡಲು ನೀರು ಸುತ್ತಿಸುವ ಈ ಪಂಪ್ ತಿರುಗುವುದು ಫ್ಯಾನ್ ಬೆಲ್ಟ್‌ನಿಂದಲೇ. ಆದರೆ ಅದನ್ನು ಹೊರಗೆ ತೆಗೆಯಬೇಕಾದರೆ ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎರಡೂ ಬಿಚ್ಚಲೇಬೇಕು. ಎಡವಟ್ಟು ಆಗುವುದು ಅಲ್ಲೇ.

ಮೊದಲ ಸಲ ಒಂದು ಗ್ಯಾರೇಜಿಗೆ ಕೊಟ್ಟೆ. ಸುಮಾರು 6 ಸಾವಿರ ಆಯಿತು. ಹಳೇ ಬೆಲ್ಟನ್ನೇ ಹಾಕಿದ್ದರು. ಪಂಪ್‌ಗೂ ಆಯಿಲ್ ಪಂಪ್‌ಗೂ ನಡುವೆ ಒಂದು, ಸಿಲಿಂಡರ್ ಹೆಡ್ ಕಡೆಗೆ ಒಂದು ಪುಟ್ಟ ರಬ್ಬರ್ ಸೀಲ್ ಬರುತ್ತದೆ ಅಲ್ವಾ, ಅವೆರಡನ್ನೂ ಬಿಟ್ಟಿದ್ದರು. ಒಂದೇ ಮಳೆಗಾಲಕ್ಕೆ ಟೈಮಿಂಗ್ ಬೆಲ್ಟ್ ಕವರ್ ಒಳಗೆಲ್ಲ ಕೆಸರು.

ಎರಡನೇ ಸಲ ನಾನೇ ಮಾಡಿದೆ. ಬೆಲ್ಟ್ ಎಳೆದ ತಕ್ಷಣ ವಾಲ್ವ್ ಸ್ಪ್ರಿಂಗ್ ತಳ್ಳಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸ್ವಲ್ಪ ತಿರುಗಿಬಿಟ್ಟಿತು. ಗುರುತಿಗೆ ತಂದು ಹಾಕಿದೆ ಅಂದುಕೊಂಡಿದ್ದೆ, ಒಂದು ಹಲ್ಲು ತಪ್ಪಿತ್ತು. ಸ್ಟಾರ್ಟ್ ಆಯಿತು, ಆದರೆ ಶಿರಾಡಿ ಘಾಟ್ ಏರುವಾಗ ಪಿಕಪ್ಪೇ ಇಲ್ಲ. ಮತ್ತೆ ಎಲ್ಲ ಬಿಚ್ಚಿದೆ. ಗ್ಯಾಸ್ಕೆಟ್, ಕೂಲೆಂಟ್, ಎರಡು ದಿನ ದಂಡ.

ಮೂರನೇ ಸಲ ಬುದ್ಧಿ ಬಂತು. ಮೊದಲು ಗುರುತು ಕೂರಿಸಿಕೊಂಡೆ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ದಂಡ) ಗುರುತು ಆಯಿಲ್ ಪಂಪ್ ಮೇಲಿನ ಬಾಣಕ್ಕೆ, ಕ್ಯಾಮ್ ಗುರುತು ವಿ ಆಕಾರದ ಕಚ್ಚಿಗೆ. ಆಮೇಲೆ ಹೆಡ್ ಕವರ್ ತೆಗೆದು ವಾಲ್ವ್ ಒತ್ತುವ ರಾಕರ್‌ಗಳ ಸ್ಕ್ರೂಗಳನ್ನೆಲ್ಲ ಪೂರ್ತಿ ಸಡಿಲ ಮಾಡಿದೆ. ಈಗ ಕ್ಯಾಮ್ ಮೇಲೆ ಯಾವ ಒತ್ತಡವೂ ಇಲ್ಲ, ಬೆಲ್ಟ್ ತೆಗೆದರೂ ಅಲುಗಲ್ಲ. ಅದಕ್ಕಿಂತ ಮುಖ್ಯ, ಕ್ಯಾಮ್ ಹಗುರವಾಗಿ ತಿರುಗಿದರೆ ಮಾತ್ರ ಟೆನ್ಷನರ್ ಸ್ಪ್ರಿಂಗ್ ಬೆಲ್ಟನ್ನು ಸರಿಯಾಗಿ ಎಳೆಯುತ್ತದೆ. ತುಂಬಾ ಜನ ಈ ಕೆಲಸ ಬಿಡುತ್ತಾರೆ, ಆಮೇಲೆ ಕ್ಲಿಯರೆನ್ಸ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಮತ್ತೆ ಕೂರಿಸಬೇಕಲ್ಲ ಅಂತ. ಅದಕ್ಕೆ ಹಿಡಿಯುವುದು ಮುಕ್ಕಾಲು ಗಂಟೆ. ನಾನು ತಣ್ಣಗಿದ್ದಾಗ ಇನ್‌ಟೇಕ್ 0.15, ಎಕ್ಸಾಸ್ಟ್ 0.18 ಮಿಲಿಮೀಟರ್ ಇಟ್ಟೆ.

ರೇಡಿಯೇಟರ್ ಖಾಲಿ ಮಾಡಿದರೂ ಬ್ಲಾಕ್‌ನಲ್ಲಿ ನೀರು ಉಳಿದಿರುತ್ತದೆ. ಪಂಪ್ ಬಿಟ್ಟುಕೊಂಡ ತಕ್ಷಣ ಕೆಳಗಿನ ಕ್ರ್ಯಾಂಕ್ ಹಲ್ಲಿನ ಮೇಲೇ ಸುರಿಯುತ್ತದೆ. ಅಲ್ಲಿಗೆ ಮೊದಲೇ ಪ್ಲಾಸ್ಟಿಕ್ ಸುತ್ತಿ ಕಟ್ಟಿದ್ದೆ. ಹೊಸ ಬೆಲ್ಟನ್ನು ಮಡಚದೆ, ತಿರುಚದೆ ಗೋಡೆಯ ಮೊಳೆಗೆ ನೇತುಹಾಕಿದ್ದೆ. ಗ್ರೀಸ್ ಮೆತ್ತಿದ ಕೈಯಲ್ಲಿ ಅದನ್ನು ಮುಟ್ಟಲಿಲ್ಲ.

ಟೆನ್ಷನರ್ ಪ್ಲೇಟ್‌ನ ಕಿವಿ ಟೆನ್ಷನರ್‌ನ ತೂತಿನಲ್ಲಿ ಕೂರಬೇಕು. ಪ್ಲೇಟ್ ತಳ್ಳಿದರೆ ಟೆನ್ಷನರ್ ಜೊತೆಗೇ ಬರಬೇಕು. ಬರದಿದ್ದರೆ ಬಿಚ್ಚಿ ಮತ್ತೆ ಹಾಕಿ. ಆಮೇಲೆ ಕ್ರ್ಯಾಂಕ್ ಎರಡು ಸುತ್ತು ಗಡಿಯಾರದ ದಿಕ್ಕಿಗೆ ತಿರುಗಿಸಿ, ಗುರುತು ಮತ್ತೊಮ್ಮೆ ನೋಡಿ, ಆಗಲೇ ಟೆನ್ಷನರ್ ಬೋಲ್ಟ್ ಬಿಗಿ ಮಾಡಿದೆ. ಈ ಹೊತ್ತಿನಲ್ಲಿ ಕ್ರ್ಯಾಂಕ್ ಅಲುಗದಂತೆ ಹಿಡಿಯಲು ನನ್ನದೇ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಹಳೇ ಟೆನ್ಷನರ್ ಬೇರಿಂಗ್‌ನ ಸೀಲ್ ಎಬ್ಬಿಸಿ, ಪೆಟ್ರೋಲ್‌ನಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿಯೂ ನೋಡಿದ್ದೆ. 200 ಕಿಲೋಮೀಟರ್‌ಗೆ ಮತ್ತೆ ಕುಂಯ್ ಅಂತ ಶುರುವಾಯಿತು. 900 ರೂಪಾಯಿ ಉಳಿಸಲು ಹೋಗಿ ಒಂದು ಭಾನುವಾರ ಹೋಯಿತು.

ಪಂಪ್ 1,800, ಬೆಲ್ಟ್ 650ರ ಆಸುಪಾಸು, ಸೀಲ್, ಗ್ಯಾಸ್ಕೆಟ್, ಕೂಲೆಂಟ್ ಸೇರಿ 4 ಸಾವಿರದ ಒಳಗೆ ಮುಗಿಯಿತು. ಪಾರ್ಟ್ಸ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದು. ಬಿಚ್ಚಬೇಡ ಅಂದಿದ್ದವರಲ್ಲಿ ಒಬ್ಬರು ಹೋದ ತಿಂಗಳು ತಮ್ಮ ಜಿಪ್ಸಿಯನ್ನು ನಮ್ಮ ಕಾಫಿ ಕಣಕ್ಕೇ ತಂದು ನಿಲ್ಲಿಸಿದ್ದಾರೆ. ಈ ಭಾನುವಾರ ಅದರ ಪಂಪ್ ಬಿಚ್ಚಬೇಕು.