ಡ್ರಾಯರ್ ಪೆಟ್ಟಿಗೆ ಕೊಳ್ಳುವ ಮೊದಲು ತಳ ನೋಡಿ: ಮಳೆ ಊರಿನ ನನ್ನ ಅನುಭವ

ಹೋದ ವರ್ಷದ ಹಿಂದಿನ ಜುಲೈ. ಬೆಳಿಗ್ಗೆ ಅಮ್ಮ ಬೆಡ್‌ಶೀಟ್ ತೆಗೆಯೋಕೆ ಅಂತ ಕೆಳಗಿನ ಡ್ರಾಯರ್ ಎಳೆದಳು. ಮುಂದಿನ ಹಲಗೆ ಮಾತ್ರ ಕೈಗೆ ಬಂತು. ತಳದ ತೆಳು ಹಲಗೆ ಕಳಚಿಕೊಂಡು, ಬೆಡ್‌ಶೀಟ್, ಹೊದಿಕೆ, ದಿಂಬಿನ ಕವರು ಎಲ್ಲಾ ನೆಲದ ಮೇಲೆ ಕೂತಿದ್ದವು. ಎತ್ತಿ ನೋಡಿದರೆ ಅಡಿಯಲ್ಲಿದ್ದ ಎರಡು ಹೊದಿಕೆಗೆ ಬೂಷ್ಟು ಹಿಡಿದಿತ್ತು.

ಅದು ನಾನು ಬೆಂಗಳೂರಿನಲ್ಲಿದ್ದಾಗ ಆನ್‌ಲೈನ್‌ನಲ್ಲಿ ತರಿಸಿದ್ದು. ಅಂಗಡಿಯವರು ಚೆಸ್ಟ್ ಆಫ್ ಡ್ರಾಯರ್ಸ್ ಅಂತಾರೆ, ನಮ್ಮನೇಲಿ ಡ್ರಾಯರ್ ಪೆಟ್ಟಿಗೆ ಅಂತೀವಿ. ಬಾಡಿಗೆ ಫ್ಲಾಟಿನಲ್ಲಿ ನಾಲ್ಕು ವರ್ಷ ಅದಕ್ಕೆ ಏನೂ ಆಗಿರಲಿಲ್ಲ. ಬಿಚ್ಚಿ, ಲಾರಿಗೆ ಹಾಕಿ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳ್ಳಿ ಮನೆಗೆ ತಂದು ಮತ್ತೆ ಜೋಡಿಸಿದೆ. ಒಂದೇ ಮಳೆಗಾಲ, ಮುಗೀತು. ಅದು ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಅದು ತೇವ ಕುಡಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಒಮ್ಮೆ ಸ್ಕ್ರೂ ಬಿಚ್ಚಿದ ತೂತಿನಲ್ಲಿ ಮತ್ತೆ ಸ್ಕ್ರೂ ಗಟ್ಟಿಯಾಗಿ ಕಚ್ಚುವುದೂ ಇಲ್ಲ. ಕಾಲಿನ ಹತ್ತಿರ ಸನ್ಮೈಕ ಎದ್ದು ಬಂದಿತ್ತು, ಕೈಯಲ್ಲಿ ಒತ್ತಿದರೆ ಒಳಗೆ ನೆನೆದ ಬಿಸ್ಕತ್ತಿನ ಹಾಗೆ ಮೆತ್ತಗೆ.

ಹಾಗಂತ ಪಾರ್ಟಿಕಲ್ ಬೋರ್ಡ್ ಯಾರೂ ತಗೋಬೇಡಿ ಅನ್ನುವುದಿಲ್ಲ. ಒಣ ಊರು, ಮೂರ್ನಾಲ್ಕು ವರ್ಷದ ಬಾಡಿಗೆ ಮನೆ, ಕೈಯಲ್ಲಿ ಹಣ ಕಮ್ಮಿ ಅಂದರೆ ಅದು ನಡೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಟವೆಲ್ ಮೂರು ದಿನ ಒಣಗುವುದಿಲ್ಲ, ಇಲ್ಲಿಗೆ ಅದು ಹೊಂದುವ ವಸ್ತು ಅಲ್ಲ, ಅಷ್ಟೇ.

ಹೊಸದು ಹುಡುಕೋಕೆ ಶುರು ಮಾಡಿದಾಗ ನಾನು ಮೊದಲು ಮಾಡಿದ್ದು ಅಂಗಡಿಗೆ ಹೋಗುವುದಲ್ಲ. ಅದರಲ್ಲಿ ಏನೇನು ಇಡಬೇಕೋ ಅದನ್ನೆಲ್ಲ ಮಂಚದ ಮೇಲೆ ರಾಶಿ ಹಾಕಿದೆ. ಅಮ್ಮನ ದಿನಬಳಕೆ ಸೀರೆ, ರೇಷ್ಮೆ ಸೀರೆ, ಒಳಉಡುಪು, ನನ್ನ ಕುರ್ತಾ, ಸ್ವೆಟರು, ಬೆಡ್‌ಶೀಟು, ಔಷಧಿ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು. ಒಂದೊಂದು ರಾಶಿಗೂ ಟೇಪು ಹಿಡಿದೆ, ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟೂ ನೋಡಿದೆ. ಹದಿನೈದು ರೇಷ್ಮೆ ಸೀರೆ 10 ಕೆ.ಜಿ. ದಾಟಿತು. ಬೆಡ್‌ಶೀಟು, ಹೊದಿಕೆ ಸೇರಿ 14 ಕೆ.ಜಿ.! ಇದನ್ನು ಹೊರುವುದು 3 ಮಿ.ಮೀ. ದಪ್ಪದ ಒಂದು ಹಾಳೆ ಅಂತ ಆವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಆಮೇಲೆ ಹಳೆ ಪೇಪರ್. ಕೋಣೆಯ ಗೋಡೆಗೆ ತಾಗಿಸಿ ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತದೋ ಅಷ್ಟಕ್ಕೆ ಪೇಪರ್ ಹಾಸಿದೆ, ಅದರ ಮುಂದೆ ಡ್ರಾಯರ್ ಪೂರ್ತಿ ಹೊರಗೆ ಬಂದರೆ ಎಷ್ಟೋ ಅಷ್ಟಕ್ಕೆ ಇನ್ನೊಂದು ಹಾಳೆ. ಅದರ ಮುಂದೆ ಅಮ್ಮನನ್ನು ನಿಲ್ಲಿಸಿದೆ. ಹಿಂದಕ್ಕೆ ಮಂಚ ತಾಗಿತು. ಎರಡು ದಿನ ಹೀಗೆ ಪೇಪರ್ ಸರಿಸಿ ಸರಿಸಿ ನೋಡಿದ ಮೇಲೆ ಗೊತ್ತಾಗಿದ್ದು, ನಮಗೆ ಗೋಡೆಯಿಂದ 18 ಇಂಚಿಗಿಂತ ಮುಂದೆ ಬರುವ ಪೆಟ್ಟಿಗೆ ಬೇಡ, ಮತ್ತೆ ಮಂಚಕ್ಕೂ ಪೆಟ್ಟಿಗೆಗೂ ನಡುವೆ ಮೂರು ಅಡಿಯಾದರೂ ಬೇಕು ಅಂತ. ಕೋಣೆಯ ಬಾಗಿಲೂ ಅಳೆಯಿರಿ. ನಮ್ಮ ಹಳೆ ಮನೆಯ ಬಾಗಿಲು ಎರಡೂವರೆ ಅಡಿ, ಹೊಸಿಲು ಎತ್ತರ, ಮೇಲೆ ತಲೆ ತಾಗುತ್ತದೆ.

ಇಷ್ಟಾದ ಮೇಲೆ ಶಿವಮೊಗ್ಗಕ್ಕೆ ಹೋಗಿ ಐದಾರು ಅಂಗಡಿ ಸುತ್ತಿದೆ. ಅಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಮುಂದಿನ ಚೆಂದ ನೋಡದೆ ಡ್ರಾಯರನ್ನು ಪೂರ್ತಿ ಹೊರಗೆಳೆದು ತಳದಲ್ಲಿ ಅಂಗೈ ಇಟ್ಟು ಒತ್ತಿದೆ. ಒತ್ತಿದ ಕೂಡಲೇ ಬಗ್ಗಿದರೆ ಅಲ್ಲಿಗೆ ಬಿಟ್ಟೆ. ಬಗ್ಗದಿದ್ದರೆ ಕೈ ಕೆಳಗೆ ಹಾಕಿ ತಳದ ಹಲಗೆ ಹೇಗೆ ಕೂತಿದೆ ಅಂತ ಮುಟ್ಟಿ ನೋಡಿದೆ. ನಾಲ್ಕೂ ಕಡೆಯ ಹಲಗೆಯಲ್ಲಿ ಕಾಲುವೆಯ ಹಾಗೆ ಸೀಳು ಕೊರೆದು ತಳವನ್ನು ಅದರೊಳಗೆ ಕೂರಿಸಿದ್ದರೆ ಒಳ್ಳೆಯದು. ಕೆಳಗಿನಿಂದ ಸುಮ್ನೆ ಪಿನ್ನು ಹೊಡೆದಿದ್ದರೆ ಇವತ್ತಲ್ಲ ನಾಳೆ ಉದುರುತ್ತದೆ. ಬೆನ್ನಿನ ಹಲಗೆಯನ್ನೂ ನೋಡಬೇಕು, ಅದು ಗಟ್ಟಿ ಇಲ್ಲದಿದ್ದರೆ ಇಡೀ ಪೆಟ್ಟಿಗೆ ಅತ್ತಿತ್ತ ಓಲಾಡುತ್ತದೆ. ಒಂದು ಅಂಗಡಿಯಲ್ಲಿ ಶೀಶಮ್ ಮರದ್ದು ಅಂತ ತೋರಿಸಿದರು. ಮುಂಭಾಗ ನಿಜವಾಗಿ ಶೀಶಮ್ಮೇ, ಬಹಳ ಚೆಂದದ ಗೆರೆಗಳು. ಡ್ರಾಯರ್ ಎಳೆದರೆ ತಳ ಬರೀ ಹಾರ್ಡ್‌ಬೋರ್ಡ್. ನಾನು ಅದನ್ನು ಒಳಗೆ ತಳ್ಳಿ ಹೊರಟಾಗ ಅಂಗಡಿಯ ಹುಡುಗನೇ ಹೇಳಿದ, "ಮೇಡಂ, ಯಾರೂ ಕೆಳಗೆ ಕೈ ಹಾಕಿ ನೋಡಲ್ಲ."

ಕಬ್ಬಿಣದ್ದು ತಗೊಳ್ಳೋಣ ಅಂತಲೂ ಯೋಚಿಸಿದ್ದೆ. ಹಳೆ ಗೋಡ್ರೆಜ್ ಬೀರು ಮೂವತ್ತು ವರ್ಷದಿಂದ ಜಗ್ಗಿಲ್ಲ. ಆದರೆ ಬಟ್ಟೆ ಜೋಡಿಸಿಡೋಕೆ ಕಬ್ಬಿಣದ ಡ್ರಾಯರ್ ಸದ್ದು ಜಾಸ್ತಿ, ಮಳೆಗಾಲದಲ್ಲಿ ಒಳಗೆ ತಣ್ಣಗೆ ಬೆವರುತ್ತದೆ. ಅಮ್ಮನಿಗೆ ಬೇಡ ಅನ್ನಿಸಿತು, ಬಿಟ್ಟೆವು.

ಕೊನೆಗೆ ಊರಿನ ಬಡಗಿ ಆಚಾರ್ರ ಹತ್ತಿರ ಮಾಡಿಸೋದು ಅಂತ ಆಯಿತು. ಹಳೆ ಕೊಟ್ಟಿಗೆ ಬಿಚ್ಚಿದಾಗ ಉಳಿದ ಹಲಸಿನ ಹಲಗೆ ಅಟ್ಟದ ಮೇಲಿತ್ತು. ಇಪ್ಪತ್ತು ವರ್ಷ ಒಣಗಿದ ಮರ, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ? ಆಚಾರ್ರು ಬಂದು ಒಂದೊಂದನ್ನೂ ಬೆರಳಿನ ಗಂಟಿನಿಂದ ಬಡಿದರು. ಕೆಲವು ಟಣ್ ಅಂದವು, ಕೆಲವು ಮಂಕಾಗಿ ಸದ್ದು ಮಾಡಿದವು. ಮಂಕು ಸದ್ದಿನ ಒಂದು ಹಲಗೆಯನ್ನು ತಿರುಗಿಸಿ ಅಂಚನ್ನು ತೋರಿಸಿದರು. ಗುಂಡುಸೂಜಿಯಷ್ಟು ತೂತು, ಕೆಳಗೆ ಹಿಟ್ಟಿನ ಹಾಗೆ ಪುಡಿ. "ಇದು ಕುಟ್ಟೆ. ಬೆಳ್ಳಗಿನ ಭಾಗ ಹಾಗೇ ಬಿಟ್ಟರೆ ಹುಳ ಬಂದೇ ಬರ್ತದೆ. ಚೇಗು, ಅಂದರೆ ನಡುವಿನ ಗಟ್ಟಿ ಭಾಗ ಮಾತ್ರ ತಗೊಳ್ಳೋಣ," ಅಂದರು. ಹನ್ನೊಂದು ಹಲಗೆಯಲ್ಲಿ ಏಳು ಉಳಿದವು. ಹಳೆ ಮೊಳೆಗಳನ್ನು ಅಯಸ್ಕಾಂತ ಹಿಡಿದು ಹುಡುಕಿ ತೆಗೆಯೋಕೇ ಅರ್ಧ ದಿನ ಹಿಡಿಯಿತು.

ಪೂರ್ತಿ ಹಲಸಿನಲ್ಲೇ ಮಾಡಿ ಅಂತ ನನ್ನ ಆಸೆ. ಆಚಾರ್ರು ಒಪ್ಪಲಿಲ್ಲ, ಅವರು ಹೇಳಿದ್ದೇ ಸರಿ ಅಂತ ಈಗ ಗೊತ್ತಾಗಿದೆ. ಮರ ಎಷ್ಟು ಹಳೆಯದಾದರೂ ಮಳೆಗಾಲದಲ್ಲಿ ತೇವ ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಗಲವಾದ ಮರದ ಹಲಗೆಯನ್ನು ಡ್ರಾಯರಿನ ತಳಕ್ಕೆ ಹಾಕಿದರೆ ಅದು ಹಿಗ್ಗಿ ಪಕ್ಕದ ಹಲಗೆಯನ್ನು ಒದೆಯುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಅಂಟಿಸಿರುತ್ತಾರೆ, ಹಾಗಾಗಿ ಅದು ಅಷ್ಟು ಅಲುಗುವುದಿಲ್ಲ. ಅದಕ್ಕೇ ಹೊರ ಚೌಕಟ್ಟು, ಮೇಲಿನ ಹಲಗೆ, ಡ್ರಾಯರಿನ ಮುಖ ಹಲಸಿನದು. ಒಳಗಿನ ಡ್ರಾಯರ್ ಡಬ್ಬ ಪ್ಲೈವುಡ್ಡಿನದು.

ಪ್ಲೈವುಡ್ ಕೊಳ್ಳುವಾಗ ಒಂದು ವಿಷಯ ನೆನಪಿಡಿ. ಎಂ.ಆರ್. ಗ್ರೇಡ್ ಅಂದರೆ ಸಾಧಾರಣ ತೇವ ಮಾತ್ರ ತಡೆಯುವಂಥದ್ದು. ಬಿ.ಡಬ್ಲ್ಯೂ.ಆರ್., ಅಂದರೆ ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್, ಅದಕ್ಕಿಂತ ಜಾಸ್ತಿ ತಡೆಯುತ್ತದೆ. ಈ ಎರಡೂ ಐ.ಎಸ್. 303 ಅನ್ನುವ ಭಾರತೀಯ ಮಾನದಂಡಕ್ಕೆ ಬರುತ್ತವೆ. ನೀರನ್ನು ಇನ್ನೂ ಚೆನ್ನಾಗಿ ತಡೆಯುವ ಮೆರೈನ್ ಪ್ಲೈ ಮೇಲೆ ಐ.ಎಸ್. 710 ಅಂತ ಇರುತ್ತದೆ. ಅಂಗಡಿಯವರ ಬಾಯಿಮಾತು ಬೇಡ, ಹಾಳೆಯ ಮೇಲಿನ ಮುದ್ರೆ ಓದಿ. ನಾನು ಬಿ.ಡಬ್ಲ್ಯೂ.ಆರ್. ತಂದೆ. ಪಕ್ಕಕ್ಕೆ 12 ಮಿ.ಮೀ., ಮೇಲಿನ ಡ್ರಾಯರ್‌ಗಳ ತಳಕ್ಕೆ 6, ಬೆಡ್‌ಶೀಟ್ ಇಡುವ ಕೆಳಗಿನದಕ್ಕೆ 9 ಮಿ.ಮೀ. ಕತ್ತರಿಸಿದ ಅಂಚುಗಳಿಗೆಲ್ಲ ಎರಡು ಸಲ ವಾರ್ನಿಶ್ ಹೊಡೆಸಿದೆ. ತೇವ ಮೊದಲು ಒಳಗೆ ಹೋಗುವುದೇ ಅಂಚಿನಿಂದ.

ಅಳತೆಯ ಲೆಕ್ಕವೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲೇ ನಾನು ಮೊದಲ ಸಲ ಎಡವಿದ್ದು. ಹೊರಗೆ 36 ಇಂಚು ಅಗಲ ಅಂದರೆ ಒಳಗೆ 36 ಸಿಗುವುದಿಲ್ಲ. ಎರಡೂ ಪಕ್ಕದ ಹಲಗೆ ಒಂದೊಂದು ಇಂಚು. ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಡ್ರಾಯರ್ ಜಾರುವ ಲೋಹದ ಹಳಿ, ಕೂರಿಸೋಕೆ ಪ್ರತಿ ಪಕ್ಕಕ್ಕೆ ಅರ್ಧ ಇಂಚು. ಡ್ರಾಯರಿನ ಪಕ್ಕದ ಪ್ಲೈ ಇನ್ನೊಂದು ಅರ್ಧರ್ಧ. ಉಳಿಯುವುದು 32. ಎತ್ತರ ನೆಲದಿಂದ 38 ಇಂಚು. ಅದರಲ್ಲಿ ಕಾಲು 6, ಮೇಲಿನ ಕೆಳಗಿನ ಹಲಗೆ ಸೇರಿ 2. ಉಳಿದ 30ರಲ್ಲಿ ಮೇಲಿನಿಂದ 6, 7, 8, 9 ಇಂಚಿನ ನಾಲ್ಕು ಸಾಲು. ಮೇಲಿನ ಸಾಲು ಮಾತ್ರ ಎರಡು ಚಿಕ್ಕ ಡ್ರಾಯರ್, ಒಂದಕ್ಕೆ ಬೀಗ. ಆರು ಇಂಚಿಗಿಂತ ಆಳದ ಡ್ರಾಯರಿನಲ್ಲಿ ಚಿಕ್ಕ ಬಟ್ಟೆ ಹಾಕಿದರೆ ಅಡಿಯದ್ದು ವರ್ಷಗಟ್ಟಲೆ ಕೈಗೆ ಸಿಗುವುದೇ ಇಲ್ಲ, ಇದು ನೋಡಿ ಕಲಿತದ್ದು.

ಕಾಲು ಆರು ಇಂಚು ಬೇಕೇ ಬೇಕು ಅಂತ ಹಟ ಹಿಡಿದಿದ್ದು ನಾನು. ನಮ್ಮದು ಕಾವಿ ನೆಲ, ಮಳೆಗಾಲದಲ್ಲಿ ಬೆವರುತ್ತದೆ. ಪೆಟ್ಟಿಗೆ ನೆಲಕ್ಕೆ ಕೂತರೆ ಆ ತೇವ ನೇರ ಕೆಳಗಿನ ಡ್ರಾಯರಿಗೆ. ಕಾಲಿದ್ದರೆ ಗಾಳಿ ಆಡುತ್ತದೆ, ಪೊರಕೆ ಹೋಗುತ್ತದೆ, ಒರಲೆ ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಚಾನೆಲ್ಲೋ ಮರದ ಹಳಿಯೋ ಅಂತ ಒಂದು ವಾರ ಚರ್ಚೆ. ಮರದ ಹಳಿಯಾದರೆ ತುಕ್ಕಿನ ಭಯ ಇಲ್ಲ, ಬಿಗಿಯಾದರೆ ಮೇಣದ ಬತ್ತಿ ಉಜ್ಜಿದರೆ ಜಾರುತ್ತದೆ. ನನಗೆ ಅದೇ ಇಷ್ಟ. ಆದರೆ ಅಮ್ಮನಿಗೆ ಅರವತ್ತೆಂಟು, ಬಲಗೈ ಮಣಿಕಟ್ಟು ನೋವು. "ಬಗ್ಗಿ ಎರಡು ಕೈಯಲ್ಲಿ ಜಗ್ಗೋಕೆ ಆಗಲ್ಲ ಮಾರಾಯ್ತಿ," ಅಂದಳು. ಮುಗೀತು ಚರ್ಚೆ. ಪೂರ್ತಿ ಹೊರಗೆ ಬರುವ ಬಾಲ್ ಬೇರಿಂಗ್ ಚಾನೆಲ್ ಹಾಕಿಸಿದೆ, 16 ಇಂಚಿನದು. ಮುಕ್ಕಾಲು ಮಾತ್ರ ಬರುವುದು ಅಗ್ಗ, ಆದರೆ ಹಿಂದಿನ ಸಾಲಿನ ಸೀರೆ ತೆಗೆಯೋಕೆ ಕೈ ತೂರಿಸಿ ತಡಕಾಡಬೇಕು. ಅಮ್ಮ ದಿನಾ ಬಳಸುವುದೆಲ್ಲ ಮೇಲಿನ ಎರಡು ಸಾಲಿನಲ್ಲಿ, ವರ್ಷಕ್ಕೆ ನಾಲ್ಕು ಸಲ ಬೇಕಾಗುವುದು ಕೆಳಗೆ.

ಈಗ ಎಲ್ಲಕ್ಕಿಂತ ಮುಖ್ಯದ್ದು. ಡ್ರಾಯರ್ ಪೂರ್ತಿ ಹೊರಗೆ ಬಂದಷ್ಟೂ ಭಾರ ಮುಂದಕ್ಕೆ ವಾಲುತ್ತದೆ. ಹಳೆ ಪೆಟ್ಟಿಗೆ ಇದ್ದಾಗ ತಮ್ಮನ ಮಗಳು, ಮೂರು ವರ್ಷದವಳು, ಕೆಳಗಿನ ಡ್ರಾಯರ್ ಎಳೆದು ಮೆಟ್ಟಿಲಿನ ಹಾಗೆ ಅದರ ಮೇಲೆ ಹತ್ತಿದ್ದಳು. ಪೆಟ್ಟಿಗೆಯ ಹಿಂದಿನ ಕಾಲು ನೆಲ ಬಿಟ್ಟು ಏಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಓಡಿ ಹಿಡಿದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಓದಿದೆ, ಅಮೆರಿಕದಲ್ಲಿ ಇಂಥ ಪೆಟ್ಟಿಗೆಗಳು ಮಗುಚಿ ಮಕ್ಕಳು ಸತ್ತ ಮೇಲೆ 2016ರಲ್ಲಿ ಐಕಿಯಾ ಕಂಪನಿ ಅಲ್ಲಿ ಸುಮಾರು 2.9 ಕೋಟಿ ಪೆಟ್ಟಿಗೆಗಳನ್ನು ವಾಪಸ್ ಕರೆಯಿತು, 2023ರಿಂದ ಪೆಟ್ಟಿಗೆ ಮಗುಚದಂತೆ ಮಾಡುವುದಕ್ಕೇ ಅಲ್ಲಿ ಕಡ್ಡಾಯ ನಿಯಮ ಇದೆ. ನಮ್ಮಲ್ಲಿ ಮನೆಯವರೇ ನೋಡಿಕೊಳ್ಳಬೇಕು. ದಯವಿಟ್ಟು ಗೋಡೆಗೆ ಕಚ್ಚಿಸಿ. ಮನೆಯಲ್ಲಿ ಮಕ್ಕಳಿಲ್ಲ ಅನ್ನಬೇಡಿ, ಮಕ್ಕಳು ಬಂದು ಹೋಗುತ್ತಾರೆ ಅಲ್ವಾ?

ಆದರೆ ಇಲ್ಲೊಂದು ತೊಡಕು. ಗೋಡೆಗೆ ಕಚ್ಚಿಸಬೇಕು ಅಂದರೆ ತಾಗಿಸಿ ಇಡಬೇಕು, ತಾಗಿಸಿ ಇಟ್ಟರೆ ಗೋಡೆಯ ತೇವಕ್ಕೆ ಬೆನ್ನಿನ ಹಲಗೆಗೆ ಬೂಷ್ಟು. ಆಚಾರ್ರು ಯೋಚಿಸಿ ಎರಡು ಇಂಚು ದಪ್ಪದ ಮರದ ಪಟ್ಟಿಯೊಂದನ್ನು ಮೊದಲು ಗೋಡೆಗೆ ಉದ್ದ ಸ್ಕ್ರೂ ಹಾಕಿ ಕೂರಿಸಿದರು. ನಮ್ಮದು ಜಂಬಿಟ್ಟಿಗೆ ಗೋಡೆ, ಪ್ಲಾಸ್ಟರಿನಲ್ಲಿ ಮಾತ್ರ ಕೂತರೆ ಕಿತ್ತು ಬರುತ್ತದೆ ಅಂತ ಕಲ್ಲಿನೊಳಗೆ ಹೋಗುವ ಹಾಗೆ ಆಳಕ್ಕೆ ತೂತು ಕೊರೆದು ಪ್ಲಗ್ ಹಾಕಿದರು. ಆಮೇಲೆ ಪೆಟ್ಟಿಗೆಯ ಮೇಲಂಚನ್ನು ಎರಡು ಕಡೆ ಎಲ್ ಪಟ್ಟಿಯಿಂದ ಆ ಮರಕ್ಕೆ ಬಿಗಿದರು. ಹಿಂದೆ ಎರಡು ಇಂಚು ಗಾಳಿ ಆಡುತ್ತದೆ, ಪೆಟ್ಟಿಗೆ ಅಲುಗುವುದಿಲ್ಲ. ಮುಗಿದ ಮೇಲೆ ನಾಲ್ಕೂ ಸಾಲು ಎಳೆದು, ಕೆಳಗಿನದರ ಮೇಲೆ ಇಪ್ಪತ್ತು ಕೆ.ಜಿ. ಅಕ್ಕಿ ಚೀಲ ಇಟ್ಟು ನೋಡಿದೆ. ಒಂದು ಕೂದಲಷ್ಟೂ ವಾಲಲಿಲ್ಲ.

ಖರ್ಚು? ಮರ ಮನೆಯದು. ಪ್ಲೈವುಡ್, ಚಾನೆಲ್, ಹಿಡಿ, ಬೀಗ, ಪಾಲಿಶ್, ಆಚಾರ್ರ ಎಂಟು ದಿನದ ಕೂಲಿ ಸೇರಿ 21,000 ಚಿಲ್ಲರೆ ಆಯಿತು. ಮನೆಯಲ್ಲಿ ಮರ ಇಲ್ಲದಿದ್ದರೆ ಪೂರ್ತಿ ಬಿ.ಡಬ್ಲ್ಯೂ.ಆರ್. ಪ್ಲೈನಲ್ಲೇ ಮಾಡಿಸಿ ಅಂತ ನಾನು ಹೇಳುತ್ತೇನೆ, ಹಸಿ ಮರದಲ್ಲಿ ಮಾತ್ರ ಬೇಡ.

ರೇಷ್ಮೆ ಸೀರೆಗಳನ್ನು ಅಜ್ಜನ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದೇವೆ. ನುಸಿ ಗುಳಿಗೆ ಜರಿಗೆ ತಾಗಬಾರದು ಅಂತ ಅಮ್ಮ ಅದನ್ನು ಇಡುವುದಿಲ್ಲ, ಬಜೆ ಬೇರಿನ ಚೂರುಗಳನ್ನು ಬಟ್ಟೆ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡುತ್ತಾಳೆ. ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತಾಳೆ, ಒಂದೇ ಗೆರೆಯಲ್ಲಿ ಜರಿ ಮುರಿಯದಿರಲಿ ಅಂತ.

ಈ ವರ್ಷದ ಮಳೆಗಾಲ ಅದಕ್ಕೆ ಮೊದಲನೆಯದು. ಜುಲೈ ಕೊನೆಗೆ ಮೂರನೇ ಡ್ರಾಯರಿನ ಹಲಸಿನ ಮುಖ ಮೇಲಂಚಿನಲ್ಲಿ ಸ್ವಲ್ಪ ಉಜ್ಜೋಕೆ ಶುರುವಾಯಿತು. ನಾನು ಗಾಬರಿಯಾಗಿ ಆಚಾರ್ರಿಗೆ ಫೋನ್ ಮಾಡಿ, ಬಂದು ಒಂಚೂರು ಕೀಸಿ ಕೊಡಿ ಅಂದೆ. "ಈಗ ಕೀಸಬೇಡಿ. ಬೇಸಿಗೇಲಿ ಬೆರಳು ತೂರುವಷ್ಟು ಸಂದಿ ಬಿಡ್ತದೆ. ದೀಪಾವಳಿವರೆಗೆ ಕಾಯಿರಿ," ಅಂದರು. ಮೇಣದ ಬತ್ತಿ ಉಜ್ಜಿ ಬಿಟ್ಟೆ. ದೀಪಾವಳಿಗೆ ಸೀರೆ ತೆಗೆಯೋಕೆ ಅಂತ ಅಮ್ಮ ಎಡಗೈಯಲ್ಲಿ ಎಳೆದಳು, ಸದ್ದಿಲ್ಲದೆ ಬಂತು.