ಸಿಂಗಪುರದ ಹುಣ್ಣಿಮೆಗೆ ಮೊಟ್ಟೆಯಿಲ್ಲದ ಮೂನ್‌ಕೇಕ್

ಚೀನೀಯರ ಶರತ್ಕಾಲದ ಚಂದ್ರೋತ್ಸವಕ್ಕೆ ಸಿಂಗಪುರದಲ್ಲಿ ಸರ್ಕಾರಿ ರಜೆ ಇಲ್ಲ. ಹಬ್ಬ ಶುರುವಾಗುವುದೇ ಕಚೇರಿ ಬಿಟ್ಟ ಮೇಲೆ. ಅಂಗಡಿಗಳಿಗೆ ಮಾತ್ರ ಅದು ವಾರಗಟ್ಟಲೆ ಮುಂಚೆಯೇ ಬಂದಿರುತ್ತದೆ: ಅಲಂಕಾರದ ಪೆಟ್ಟಿಗೆಯೊಳಗೆ, ಹೂರಣ ತುಂಬಿದ ಈ ಹಬ್ಬದ ಸಿಹಿತಿಂಡಿ, ನಾಲ್ಕೇ ನಾಲ್ಕು ಮೂನ್‌ಕೇಕ್. ಅರ್ಧ ದುಡ್ಡು ಪೆಟ್ಟಿಗೆಗೇ ಹೋಗುತ್ತದೆ ಎಂಬುದು ನನ್ನ ಗುಮಾನಿ. ಸಾಲದ್ದಕ್ಕೆ ನಮ್ಮದು ಸಸ್ಯಾಹಾರಿ ಮನೆ. ಹಳೆಯ ಪದ್ಧತಿಯ ಮೂನ್‌ಕೇಕಿನ ನಡುವೆ ಉಪ್ಪಿನಲ್ಲಿ ನೆನೆಸಿದ ಬಾತುಕೋಳಿ ಮೊಟ್ಟೆಯ ಹಳದಿ ಇರುತ್ತದೆ, ಕೆಲವದರಲ್ಲಿ ಹಂದಿಯ ಕೊಬ್ಬೂ. ಆದ್ದರಿಂದ ಮನೆಯಲ್ಲೇ ಮಾಡುತ್ತೇನೆ.

ಹೋಳಿಗೆ ತಟ್ಟಿದ ಕೈಗೆ ಇದು ಹೊಸ ವಿದ್ಯೆಯಲ್ಲ. ಇಲ್ಲಿಯೂ ಕಣಕದೊಳಗೆ ಹೂರಣ. ಲೆಕ್ಕ ಬೇರೆ, ಅಷ್ಟೆ. ಕಣಕ ಕಲಸುವುದು ನೀರಿನಲ್ಲಲ್ಲ, ಪಾಕದಲ್ಲಿ. ಸಕ್ಕರೆ, ನೀರು, ನಿಂಬೆರಸವನ್ನು ಸಣ್ಣ ಉರಿಯಲ್ಲಿ ಜೇನಿನ ಬಣ್ಣ ಬರುವವರೆಗೆ ಕಾಯಿಸಿ, ಕೆಲವು ವಾರ ಮುಂಚೆಯೇ ಎತ್ತಿಡುತ್ತೇನೆ. ನಿಂಬೆಯ ಹುಳಿಯಿಂದಾಗಿ ಪಾಕ ಹರಳುಗಟ್ಟುವುದಿಲ್ಲ. 100 ಗ್ರಾಂ ಮೈದಾಕ್ಕೆ 70 ಗ್ರಾಂ ಪಾಕ, 25 ಗ್ರಾಂ ಕಡಲೆಕಾಯಿ ಎಣ್ಣೆ, ಅರ್ಧ ಚಮಚ ಕ್ಷಾರದ ನೀರು. ಚೀನೀ ದಿನಸಿ ಅಂಗಡಿಯಲ್ಲಿ ಸಿಗುವ ಈ ನೀರು ಪಾಕದ ಹುಳಿಯನ್ನು ಮುರಿದು, ಮೇಲ್ಪದರಕ್ಕೆ ಕಂದು ಬಣ್ಣ ತರುತ್ತದೆ. ಹಿಟ್ಟನ್ನು ನಾದಬಾರದು, ಕಲಸಿ ಒಂದು ಗಂಟೆ ಬಿಟ್ಟರೆ ಸಾಕು.

ಹೂರಣಕ್ಕೆ ತಾವರೆ ಬೀಜ. ರಾತ್ರಿ ನೆನೆಹಾಕಿ, ನಡುವಿನ ಹಸಿರು ಮೊಳಕೆಯನ್ನು ಒಂದೊಂದಾಗಿ ತೆಗೆಯಬೇಕು, ಇಲ್ಲದಿದ್ದರೆ ಕಹಿ. ಬೇಯಿಸಿ, ರುಬ್ಬಿ, ಸಕ್ಕರೆ ಮತ್ತು ಎಣ್ಣೆ ಹಾಕಿ ಬಾಣಲೆ ಬಿಡುವವರೆಗೆ ಕೈಯಾಡಿಸುವುದು ತೋಳಿನ ಕೆಲಸ. ಮೊಟ್ಟೆಯ ಹಳದಿಯ ಜಾಗಕ್ಕೆ ಬೆಂದ ಹೆಸರುಬೇಳೆಗೆ ಉಪ್ಪು, ಚೂರು ಅರಿಸಿನ ಸೇರಿಸಿ ಗೋಲಿ ಕಟ್ಟುತ್ತೇನೆ. ಸಿಹಿಯ ನಡುವೆ ಆ ಉಪ್ಪು ಬೇಕೇ ಬೇಕು.

50 ಗ್ರಾಂ ಅಚ್ಚಿಗೆ ಕಣಕ 15, ಹೂರಣ 35 ಗ್ರಾಂ. ಅಚ್ಚೊತ್ತಿ, ನೀರು ಚಿಮುಕಿಸಿ, 180 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಹಾಲು ಸವರಿ ಮತ್ತೆ ಅಷ್ಟೇ ಹೊತ್ತು. ಮೊಟ್ಟೆ ಸವರಿದ ಹೊಳಪು ಇದಕ್ಕೆ ಬರುವುದಿಲ್ಲ ಎನ್ನುತ್ತಾರೆ ಕೆಳಮಹಡಿಯ ಚೀನೀ ಆಂಟಿ. ಹೌದು, ಬರುವುದಿಲ್ಲ. ಓವನ್ನಿನಿಂದ ತೆಗೆದಾಗ ಗಟ್ಟಿಯಾಗಿರುವ ಮೇಲ್ಪದರ ಎರಡು ದಿನ ಡಬ್ಬಿಯಲ್ಲಿದ್ದರೆ ಎಣ್ಣೆ ಹೀರಿ ಮೆತ್ತಗಾಗುತ್ತದೆ. 2025ರಲ್ಲಿ ಹಬ್ಬ ಅಕ್ಟೋಬರ್ 6ರ ಸೋಮವಾರ ಬಂದಿದ್ದರಿಂದ ಶನಿವಾರವೇ ಬೇಯಿಸಿಟ್ಟಿದ್ದೆ. ಆ ವರ್ಷ ಚೀನೀ ಪಂಚಾಂಗದಲ್ಲಿ ಆರನೆಯ ತಿಂಗಳು ಅಧಿಕವಾಗಿ ಹಬ್ಬ ಮುಂದಕ್ಕೆ ಹೋಗಿ, ನಮ್ಮ ಶೀಗೆ ಹುಣ್ಣಿಮೆಯ ಹೊತ್ತಿಗೇ ಬಂದಿತ್ತು.

ಸಂಜೆ ಕಟ್ಟಡದ ಕೆಳಗೆ ಮಕ್ಕಳು ಲಾಂದ್ರ ಹಿಡಿದು ಸುತ್ತುತ್ತಾರೆ. ಬ್ಯಾಟರಿಯ ಲಾಂದ್ರಗಳು ಹಾಡಿ ಹಾಡಿ ತಲೆ ತಿನ್ನುತ್ತವೆ; ಮೇಣದಬತ್ತಿಯ ಕಾಗದದ ಲಾಂದ್ರವೇ ನನಗೆ ಇಷ್ಟ. ಮೂನ್‌ಕೇಕನ್ನು ಇಡಿಯಾಗಿ ತಿನ್ನುವ ರೂಢಿಯಿಲ್ಲ. ಸಣ್ಣ ಹೋಳು ಮಾಡಿ, ಹಾಲು ಸಕ್ಕರೆ ಇಲ್ಲದ ಚೀನೀ ಚಹಾದೊಂದಿಗೆ ಹಂಚುತ್ತಾರೆ. ಜೊತೆಗೆ ಚಕ್ಕೋತ ಇರಲೇಬೇಕು. ಅದರ ಸಿಪ್ಪೆ ಮಕ್ಕಳ ತಲೆಗೆ ಟೋಪಿಯಾಗುತ್ತದೆ.

2026ರಲ್ಲಿ ಹಬ್ಬ ಸೆಪ್ಟೆಂಬರ್ 25, ಶುಕ್ರವಾರ. ಅಂದರೆ ಬುಧವಾರ ರಾತ್ರಿಯೇ ಓವನ್ ಹಚ್ಚಬೇಕು, ಪಾಕವನ್ನು ಆಗಸ್ಟ್‌ನಲ್ಲೇ ಕಾಯಿಸಿಡಬೇಕು.